ಗಡಿಯ ತೀರ್ಪು ಬರುವತನಕ ಓದು ನಿಲ್ಲಬೇಕೆ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಾಲೇಜುಗಳು ಕೊಲ್ಲಾಪುರ, ಸಾಂಗಲಿಯ ಕಾಲೇಜುಗಳ ಜೊತೆ ಸೇರಿ ಕನ್ನಡ-ಮರಾಠಿ ಸಂಬಂಧದ ಬಗ್ಗೆ ಸಂಶೋಧನೆ ಮಾಡಬೇಕು. ವಿದ್ಯಾರ್ಥಿಗಳು, ಅಧ್ಯಾಪಕರು ಒಂದಷ್ಟು ತಿಂಗಳು ಅತ್ತಿಂದಿತ್ತ ಹೋಗಿ ಬರಬೇಕು. ಎರಡೂ ಕಡೆಯ ಹಳೆಯ ಕಾಗದಪತ್ರಗಳನ್ನು, ಹಾಡು-ಆಟಗಳನ್ನು ಎರಡೂ ಭಾಷೆ ಬಲ್ಲವರು ಒಟ್ಟಿಗೆ ಕೂತು ಓದಬೇಕು. ಬೆಳಗಾವಿ ಜಿಲ್ಲೆಯಲ್ಲಿ ಈ ಮಾತನ್ನು ಯಾರು ಎತ್ತಿದರೂ ಮರುಕ್ಷಣವೇ ಆಕ್ಷೇಪಗಳ ಸರಮಾಲೆ ಬೀಳುತ್ತದೆ. ಆಕ್ಷೇಪಿಸುವವರಲ್ಲಿ ನಾಡು-ನುಡಿಗಾಗಿ ನಿಜವಾಗಿ ದುಡಿದವರಿದ್ದಾರೆ. ಆದ್ದರಿಂದ ಅವರ ಮಾತನ್ನು ಕುಗ್ಗಿಸದೆ, ಅವರು ಹೇಳುವ ಬಿರುಸಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಯಾವ ಮಾತು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ಓದುಗರು ತೂಗಿ ನೋಡಲಿ.

ಎಲ್ಲಕ್ಕಿಂತ ಮೊದಲು ಬರುವುದು ಗಡಿಯ ಮಾತು. “ಗಡಿ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಹುಕ್ಕೇರಿ ತಾಲೂಕಿನ ಕೆಲವು ಹಳ್ಳಿಗಳನ್ನೂ ಮಹಾರಾಷ್ಟ್ರ ಕೇಳುತ್ತಿದೆ. ಇಂಥ ಹೊತ್ತಿನಲ್ಲಿ ಮರಾಠಿಯ ಜೊತೆಗಿನ ನಂಟಿನ ಬಗ್ಗೆ ಸಂಶೋಧನೆ ಎಂದು ಕೂತರೆ ಎದುರಾಳಿ ವಕೀಲರ ಕೈಗೆ ನಾವೇ ಸಾಕ್ಷಿ ಕೊಟ್ಟಂತೆ. ಮೊದಲು ತೀರ್ಪು ಬರಲಿ, ಆಮೇಲೆ ಸಂವಾದ.” ಕೇಳಲು ಜಾಣ ಮಾತು. ಲೆಕ್ಕ ಹಾಕಿ ನೋಡೋಣ. ಗಡಿ ತಂಟೆ ಬಗೆಹರಿಸಲೆಂದು ಮಹಾಜನ ಆಯೋಗ ನೇಮಕವಾದದ್ದು 1966ರಲ್ಲಿ, ವರದಿ ಕೊಟ್ಟದ್ದು 1967ರಲ್ಲಿ. ಆ ವರದಿಯನ್ನು ಒಪ್ಪದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ದಾವೆ ಇನ್ನೂ ಮುಗಿದಿಲ್ಲ. ವರದಿ ಬಂದ ವರ್ಷ ಹುಟ್ಟಿದ ಕೂಸು ಸರ್ಕಾರಿ ನೌಕರಿ ಹಿಡಿದಿದ್ದರೆ ಈಗ ನಿವೃತ್ತಿಯ ಅಂಚಿಗೆ ಬಂದಿದೆ. ತೀರ್ಪಿನ ತನಕ ಕಾಯಿರಿ ಎನ್ನುವವರು ಒಂದು ತಲೆಮಾರಿನ ಓದನ್ನು ಆಗಲೇ ಕಾಯಿಸಿ ಮುಗಿಸಿದ್ದಾರೆ, ಈಗ ಎರಡನೆಯದನ್ನು ಕೇಳುತ್ತಿದ್ದಾರೆ.

ಸಾಕ್ಷಿಯ ಮಾತಿಗೂ ಬರೋಣ. ಪಂಢರಪುರದ ವಿಠ್ಠಲನ ಮೂಲವನ್ನು ಕರ್ನಾಟಕದ ಪಶುಪಾಲಕರ ದೈವಗಳಲ್ಲಿ ಹುಡುಕಿ, ಆ ವಾದವನ್ನು ದೊಡ್ಡ ಗ್ರಂಥವಾಗಿ ನಿಲ್ಲಿಸಿದವರು ಯಾರು? ಪುಣೆಯ ರಾಮಚಂದ್ರ ಚಿಂತಾಮಣ ಢೇರೆ. 1984ರಲ್ಲಿ, ಮರಾಠಿಯಲ್ಲಿ. ಅದೇ ಗ್ರಂಥಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೈಲಾರ-ಖಂಡೋಬ, ಬೀರಪ್ಪ-ಬಿರೋಬ ಒಂದೇ ಕುಲದ ದೈವಗಳೆಂದು ಕುರುಬರ ಮತ್ತು ಧನಗರರ ಹಟ್ಟಿಗಳಲ್ಲಿ ಅಡ್ಡಾಡಿ ಬರೆದವರು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗುಂಥರ್ ಸೊಂಥೈಮರ್. ಢೇರೆಯವರ ಗ್ರಂಥವನ್ನು 2011ರಲ್ಲಿ ಇಂಗ್ಲಿಷಿಗೆ ತಂದವರು ಅಮೆರಿಕದ ಆ್ಯನ್ ಫೆಲ್ಡ್‌ಹೌಸ್. ಕನ್ನಡದ ಪರವಾಗಿ ಇಷ್ಟು ದೊಡ್ಡ ಸಾಕ್ಷಿ ಹೇಳಿದವರು ಒಬ್ಬ ಮರಾಠಿ ವಿದ್ವಾಂಸ, ಒಬ್ಬ ಜರ್ಮನ್, ಒಬ್ಬ ಅಮೆರಿಕನ್. ಸಂವಾದ ಬೇಡ ಎನ್ನುವವರೇ ಸಮ್ಮೇಳನದ ವೇದಿಕೆ ಹತ್ತಿದಾಗ ಢೇರೆಯವರ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ. ಢೇರೆ ಕನ್ನಡದತ್ತ ತಿರುಗಿ ನೋಡಿದ್ದು ಸರಿಯಾದರೆ ನಮ್ಮ ಹುಡುಗರು ಮರಾಠಿಯತ್ತ ತಿರುಗಿ ನೋಡುವುದು ಹೇಗೆ ತಪ್ಪಾಯಿತು? ಕೊಲ್ಲಾಪುರ ಜಿಲ್ಲೆಯ ಖಿದ್ರಾಪುರದ ಕೋಪೇಶ್ವರ ಗುಡಿಯ ಕಲ್ಲುಗಳ ಮೇಲೆ ಕನ್ನಡ ಶಾಸನಗಳಿವೆ. ಕೊಲ್ಲಾಪುರದ ಶಿಲಾಹಾರರ ಶಾಸನಗಳನ್ನು ಕನ್ನಡ ಬಿಟ್ಟು ಓದಲು ಬರುವುದಿಲ್ಲ. ಅಲ್ಲಿನ ಸಂಶೋಧಕನಿಗೆ ಕನ್ನಡ ಬೇಕು, ನಮ್ಮ ಸಂಶೋಧಕನಿಗೆ ಆ ನೆಲ ಬೇಕು. ತಮ್ಮ ಪಕ್ಷ ಗಟ್ಟಿಯಿದೆ ಎಂದು ನಂಬಿದವರು ಕಾಗದಪತ್ರ ಬಿಚ್ಚಲು ಹೆದರುವುದಿಲ್ಲ. ಹೆದರುವವರು ತಮ್ಮ ಪಕ್ಷವನ್ನು ತಾವೇ ಅನುಮಾನಿಸುತ್ತಿದ್ದಾರೆ, ಮತ್ತು ಅದನ್ನು ನಾಡಪ್ರೇಮದ ಹೆಸರಿನಲ್ಲಿ ಮಾಡುತ್ತಿದ್ದಾರೆ.

ಗಡಿ ತಂಟೆ ಇರುವಲ್ಲಿ ಜಂಟಿ ವಿದ್ಯೆ ಸಾಧ್ಯವೇ ಇಲ್ಲ ಎನ್ನುವವರಿಗೆ ಆಲ್ಸೇಸ್ ನೆನಪಿರಲಿ. ಫ್ರಾನ್ಸ್-ಜರ್ಮನಿಯ ನಡುವೆ ಆ ಸೀಮೆ 1871ರಿಂದ 1945ರವರೆಗೆ ನಾಲ್ಕು ಬಾರಿ ಕೈ ಬದಲಾಯಿಸಿತು, ಪ್ರತಿ ಬಾರಿಯೂ ರಕ್ತ ಹರಿಯಿತು. 1963ರಲ್ಲಿ ಎರಡೂ ದೇಶ ಒಪ್ಪಂದಕ್ಕೆ ಬಂದವು, ಯುವಜನರ ವಿನಿಮಯಕ್ಕೆಂದೇ ಒಂದು ಸಂಸ್ಥೆ ಕಟ್ಟಿದವು. 1989ರಲ್ಲಿ ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಬಾಸೆಲ್ ಮೊದಲಾದ ವಿಶ್ವವಿದ್ಯಾಲಯಗಳು ಮೂರು ದೇಶಗಳ ಗಡಿ ದಾಟಿ ಒಂದು ಒಕ್ಕೂಟ ಮಾಡಿಕೊಂಡವು. ಅಲ್ಲಿ ಇದ್ದದ್ದು ಯುದ್ಧ. ಇಲ್ಲಿ ಇರುವುದು ಒಂದೇ ದೇಶದ ಎರಡು ರಾಜ್ಯಗಳ ಒಂದು ದಾವೆ.

ಎರಡನೆಯ ಆಕ್ಷೇಪ ಭಾವನೆಯದು, ಆದ್ದರಿಂದಲೇ ಹೆಚ್ಚು ಚಪ್ಪಾಳೆ ಗಿಟ್ಟಿಸುತ್ತದೆ. “ಗೋಕಾಕ ಎಂದರೆ ಗೋಕಾಕ ಚಳವಳಿ. ಕನ್ನಡಕ್ಕಾಗಿ ಇಡೀ ನಾಡನ್ನು ಎಬ್ಬಿಸಿದ ಹೆಸರು ಅದು. ಆ ಹೆಸರಿನ ಊರಿನಲ್ಲಿ ಮರಾಠಿಗೆ ಮಣೆ ಹಾಕುವುದೆಂದರೆ ಚಳವಳಿಗೆ ಬಗೆದ ದ್ರೋಹ.” ಚಳವಳಿಗೆ ಹೆಸರು ಬಂದದ್ದು ಊರಿನಿಂದ ಅಲ್ಲ, ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯ ಸಮಿತಿಯಿಂದ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಇದು ಸಣ್ಣ ತಿದ್ದುಪಡಿ. ದೊಡ್ಡದು ಮುಂದಿದೆ. 1980ರಲ್ಲಿ ನೇಮಕವಾಗಿ 1981ರಲ್ಲಿ ವರದಿ ಕೊಟ್ಟ ಆ ಸಮಿತಿಯ ಮುಂದಿದ್ದ ಪ್ರಶ್ನೆ ಶಾಲೆಗಳಲ್ಲಿ ಪ್ರಥಮ ಭಾಷೆ ಯಾವುದಿರಬೇಕು ಎಂಬುದು. ಕಾಲೇಜಿನ ಸಂಶೋಧಕ ನೆರೆಯ ಭಾಷೆ ಕಲಿಯಬಾರದು ಎಂದು ಆ ವರದಿ ಎಲ್ಲೂ ಹೇಳಿಲ್ಲ. ಇನ್ನು ಗೋಕಾಕರ ಬದುಕನ್ನೇ ನೋಡಿ. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಕಲಿಸಿದರು, ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು, ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾದರು. ಕನ್ನಡಕ್ಕೆ ಜ್ಞಾನಪೀಠ ತಂದ ಆ ಕವಿ ಮರಾಠಿ ವಿದ್ಯಾರ್ಥಿಗಳ ನಡುವೆ ವರ್ಷಗಟ್ಟಲೆ ಬಾಳಿದವರು. ನಾವು ಇಂದು ಕೇಳುತ್ತಿರುವ ಅಧ್ಯಾಪಕ ವಿನಿಮಯವನ್ನು ಅವರು ಯೋಜನೆಯ ಹಂಗಿಲ್ಲದೆ ಮಾಡಿ ಮುಗಿಸಿದ್ದರು. ಅವರ ಹೆಸರು ಹಿಡಿದು ಅವರು ನಡೆದ ದಾರಿಗೆ ಬೇಲಿ ಹಾಕುವವರು ಅವರ ವರದಿಯನ್ನೂ ಓದಿಲ್ಲ, ಬದುಕನ್ನೂ ಓದಿಲ್ಲ.

“ಸಂವಾದ ಎಂದರೆ ಒಮ್ಮುಖ ಹರಿವು. ಮರಾಠಿ ಇತ್ತ ಬರುತ್ತದೆ, ಕನ್ನಡ ಅತ್ತ ಹೋಗುವುದಿಲ್ಲ.” ಇದು ಮೂರನೆಯದು. ಇದಕ್ಕೆ ಉತ್ತರ ಪುಣೆಯ ಒಂದು ಮನೆಯಲ್ಲಿದೆ. ಬೆಳಗಾವಿಯಲ್ಲಿ ಹುಟ್ಟಿದ ಉಮಾ ಕುಲಕರ್ಣಿಯವರಿಗೆ ಕನ್ನಡ ತಿಳಿಯುತ್ತದೆ, ಕನ್ನಡ ಲಿಪಿಯ ರೂಢಿಯಿಲ್ಲ. ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುತ್ತಿದ್ದರು. ಅದನ್ನು ಕೇಳುತ್ತ ಕೇಳುತ್ತ ಇವರು ಮರಾಠಿಯಲ್ಲಿ ಬರೆಯುತ್ತಿದ್ದರು. ಎಸ್.ಎಲ್. ಭೈರಪ್ಪ, ಶಿವರಾಮ ಕಾರಂತ ಮರಾಠಿ ಮನೆಗಳನ್ನು ಹೊಕ್ಕದ್ದು ಹೀಗೆ. ‘ವಂಶವೃಕ್ಷ’ದ ಅನುವಾದಕ್ಕೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿಯೂ ಬಂತು. ಭೈರಪ್ಪನವರಿಗೆ ಮರಾಠಿಯಲ್ಲಿ ಎಷ್ಟು ದೊಡ್ಡ ಓದುಗ ಬಳಗವಿದೆ ಎಂಬುದನ್ನು ಪುಣೆ, ಕೊಲ್ಲಾಪುರದ ಯಾವ ಪುಸ್ತಕದಂಗಡಿಯವರಾದರೂ ಹೇಳುತ್ತಾರೆ. ಇನ್ನೂ ಹಿಂದೆ ಹೋದರೆ ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ಯನ್ನು ಶಾಂತಲಿಂಗಸ್ವಾಮಿ ಮರಾಠಿಗೆ ತಂದದ್ದು 17ನೇ ಶತಮಾನದ ಮೊದಲಲ್ಲೇ. ವಿಷ್ಣುದಾಸ ಭಾವೆ 1843ರಲ್ಲಿ ಸಾಂಗಲಿಯಲ್ಲಿ ‘ಸೀತಾಸ್ವಯಂವರ’ ಆಡಿಸಿದ್ದನ್ನು ಮರಾಠಿಗರು ತಮ್ಮ ರಂಗಭೂಮಿಯ ಹುಟ್ಟು ಎಂದು ಎಣಿಸುತ್ತಾರೆ. ಅದಕ್ಕೆ ಪ್ರೇರಣೆ ಕರ್ನಾಟಕದಿಂದ ಸಾಂಗಲಿಗೆ ಬಂದಿದ್ದ ಭಾಗವತ ಮೇಳದ ಆಟ ಎಂದು ಬರೆದವರೂ ಮರಾಠಿಯ ರಂಗ ಇತಿಹಾಸಕಾರರೇ. ಕನ್ನಡ ಅತ್ತ ಹೋಗುವುದಿಲ್ಲ ಎನ್ನುವವರು, ಹೋದ ಕನ್ನಡದ ಜಾಡು ಹಿಡಿಯುವ ಸಂಶೋಧನೆಯನ್ನೂ ಬೇಡ ಎನ್ನುತ್ತಾರೆ. ನೋಡಬಾರದೆಂದು ಕಣ್ಣು ಮುಚ್ಚಿಸಿದ ಮೇಲೆ ಕಾಣುವುದಿಲ್ಲ ಎಂದು ದೂರುವುದು ಎಲ್ಲಿಯ ನ್ಯಾಯ?

ನಾಲ್ಕನೆಯ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ, ಮೆತ್ತಗೆ ಬರುತ್ತದೆ. ನನಗೆ ಇದೇ ಹೆಚ್ಚು ಅಪಾಯಕಾರಿ ಎನಿಸುತ್ತದೆ. “ನಮ್ಮ ಜನ ಈಗಾಗಲೇ ಬೆರೆತಿದ್ದಾರೆ. ಸವದತ್ತಿ ಯಲ್ಲಮ್ಮನಿಗೆ, ಚಿಂಚಲಿ ಮಾಯಕ್ಕನಿಗೆ ಕೊಲ್ಲಾಪುರದವರು ಬರುತ್ತಾರೆ. ನಾವು ಜ್ಯೋತಿಬಾಗೆ, ಪಂಢರಪುರಕ್ಕೆ ಹೋಗುತ್ತೇವೆ. ಸಂಕೇಶ್ವರದ ಪೇಟೆಯಲ್ಲಿ ಎರಡೂ ಮಾತು ನಡೆಯುತ್ತವೆ. ಜನ ಮಾಡಿ ಮುಗಿಸಿದ್ದನ್ನು ಪಂಡಿತರು ಮತ್ತೇಕೆ ಮಾಡಬೇಕು?” ಮೊದಲು ಒಂದು ವಿಸಂಗತಿ ಗಮನಿಸಿ. ಮರಾಠಿಯ ಸೋಂಕು ತಗಲಿದರೆ ಗಡಿಯೇ ಹೋಗುತ್ತದೆ ಎಂದು ಬೆಳಿಗ್ಗೆ ಹೇಳಿದವರೇ ಸಂಜೆ ಈ ಮಾತನ್ನೂ ಹೇಳುತ್ತಾರೆ. ಜನ ಬೆರೆತು ನೂರಾರು ವರ್ಷವಾಗಿ ಗಡಿಗೆ ಏನೂ ಆಗದಿದ್ದರೆ ಮೊದಲನೆಯ ಆಕ್ಷೇಪ ಬಿತ್ತು. ಬೆರೆತದ್ದೇ ಅಪಾಯವಾದರೆ ಈ ನಾಲ್ಕನೆಯದು ಬಿತ್ತು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಬರುವುದಿಲ್ಲ.

ಬೆರೆತು ಬಾಳುವುದು ಬೇರೆ, ಬೆರೆತದ್ದನ್ನು ತಿಳಿಯುವುದು ಬೇರೆ. ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮರಾಠಿ ಸಂಗೀತ ನಾಟಕದ ಜನಕ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿ. ಅವರ ‘ಸಂಗೀತ ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂತು. ಆ ಕಲ್ಪನೆ ಅವರಿಗೆ ಎಲ್ಲಿಂದ ಬಂತು? ಕನ್ನಡದ ರಂಗ ಇತಿಹಾಸಕಾರರು 1870ರ ಸುಮಾರಿನ ಚುರಮುರಿ ಶೇಷಗಿರಿರಾಯರ ಕನ್ನಡ ಶಾಕುಂತಲವನ್ನು ತೋರಿಸುತ್ತಾರೆ, ನಮ್ಮ ಜನಪದ ಆಟ ಶ್ರೀಕೃಷ್ಣ ಪಾರಿಜಾತದ ಮಟ್ಟುಗಳನ್ನು ತೋರಿಸುತ್ತಾರೆ. ಮರಾಠಿಯ ಇತಿಹಾಸಕಾರರು ಪುಣೆಯಲ್ಲಿ ಪಾರ್ಸಿ ಕಂಪನಿ ಆಡಿದ ‘ಇಂದ್ರಸಭಾ’ವನ್ನು ತೋರಿಸುತ್ತಾರೆ. ಎರಡು ಕಡೆಯವರೂ ತಮ್ಮ ತಮ್ಮ ಭಾಷೆಯಲ್ಲಿ ತಮ್ಮ ತಮ್ಮ ಓದುಗರಿಗೆ ಬರೆದುಕೊಂಡು ತೃಪ್ತರಾಗಿದ್ದಾರೆ. ಮೂಡಲಗಿ ಸೀಮೆಯ ಒಬ್ಬ ಪಾರಿಜಾತದ ಹಾಡುಗಾರ, ನಾಟ್ಯಗೀತೆ ಬಲ್ಲ ಒಬ್ಬ ಮರಾಠಿ ಗಾಯಕ, ಸ್ವರಲಿಪಿ ಬರೆಯಬಲ್ಲ ಒಬ್ಬ ಸಂಶೋಧಕ ಒಂದು ಕೋಣೆಯಲ್ಲಿ ಕೂತು ಮಟ್ಟಿಗೆ ಮಟ್ಟು ಹೋಲಿಸಿದರೆ ಈ ವಾದ ಎಷ್ಟೋ ಮುಂದೆ ಸಾಗುತ್ತದೆ. ಚಿಂಚಲಿ ಜಾತ್ರೆಯಲ್ಲಿ ಲಕ್ಷ ಜನ ಸೇರಿದರೂ ಈ ಕೆಲಸ ಆಗುವುದಿಲ್ಲ. ಅದು ಜಾತ್ರೆಯ ಕೆಲಸವೂ ಅಲ್ಲ.

ಪಾರಿಜಾತದ ಮಾತು ಬಂದದ್ದರಿಂದ ಇನ್ನೂ ಸ್ವಲ್ಪ. ಅಪರಾಳ ತಮ್ಮಣ್ಣನ ಕೃತಿಯನ್ನು ರಂಗಕ್ಕೆ ಒಗ್ಗಿಸಿ ಊರೂರಿಗೆ ಹಬ್ಬಿಸಿದವನು ಕುಲಗೋಡ ತಮ್ಮಣ್ಣ. ಅವನ ಊರು ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿಗೆ ಸೇರಿದೆ. ಕೌಜಲಗಿ ನಿಂಗಮ್ಮ ಈ ಆಟದಿಂದ ನಾಡಿನ ತುಂಬ ಹೆಸರಾದಳು. ರಾತ್ರಿ ಆಟ ಕೂತು ನೋಡಿದವರಿಗೆ ಗೊತ್ತು: ಹಾಲು ಮೊಸರು ಹೊತ್ತು ಬರುವ ಗೊಲ್ಲತಿಯನ್ನು ಭಾಗವತ ದಾರಿಗೆ ಅಡ್ಡ ನಿಂತು ಮಾತಿಗೆಳೆಯುತ್ತಾನೆ. ಮಾತಿಗೆ ಮಾತು, ಪದಕ್ಕೆ ಪದ ಬೆಳೆದು ಹಾರ್ಮೋನಿಯಂ ಏರುತ್ತದೆ. ಮುಂದೆ ಒಂದು ಹೂವಿಗಾಗಿ ಸತ್ಯಭಾಮೆ ಕದ ಹಾಕಿಕೊಂಡು ಕೂತಾಗ ಬರುವ ರಾಗಗಳಲ್ಲಿ ಹಿಂದೂಸ್ತಾನಿಯ ಛಾಯೆ ಎದ್ದು ಕಾಣುತ್ತದೆ. ಆ ಛಾಯೆ ಯಾವ ದಾರಿಯಿಂದ ಬಂತು? ಮಿರಜದಿಂದಲೇ, ಕಂಪನಿ ನಾಟಕಗಳಿಂದಲೇ, ಅದಕ್ಕೂ ಮೊದಲೇ ಇತ್ತೇ? ನಮ್ಮ ರಾಧಾನಾಟಕ್ಕೂ ಮರಾಠಿ ತಮಾಶಾದ ಗೌಳಣಿಗೂ ಏನು ಸಂಬಂಧ? ಗೀಗೀ ಮೇಳದವರ ಹರದೇಶಿ-ನಾಗೇಶಿ ವಾದಕ್ಕೂ ಮರಾಠಿ ಶಾಹೀರರ ಕಲ್ಗಿ-ತುರಾ ವಾದಕ್ಕೂ ಇರುವ ನಂಟು ಎಂಥದು? ಹಾಡುವವರು ಮುಪ್ಪಾಗುತ್ತಿದ್ದಾರೆ. ಒಬ್ಬ ಹಿರಿಯ ಕಲಾವಿದ ತೀರಿಕೊಂಡರೆ ಅವನಿಗೆ ಮಾತ್ರ ಗೊತ್ತಿದ್ದ ಮಟ್ಟುಗಳು ಅವನ ಜೊತೆ ಹೋಗುತ್ತವೆ. “ಜನ ಬೆರೆತಿದ್ದಾರೆ, ಸಾಕು” ಎನ್ನುವವರು ಈ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮಟ್ಟುಗಳ ಗತಿಯೇ ಕಾಗದಗಳದ್ದೂ. 1956ಕ್ಕೆ ಮುಂಚೆ ಈ ಮೂರೂ ತಾಲೂಕುಗಳ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಅದಕ್ಕೂ ಹಿಂದೆ ಮರಾಠರ ಕೈಯಲ್ಲಿತ್ತು. ಹುಕ್ಕೇರಿ ಸೀಮೆಯ ಹಳೆಯ ವಾಡೆಗಳಲ್ಲಿ ರುಮಾಲಿನಲ್ಲಿ ಕಟ್ಟಿಟ್ಟ ದಫ್ತರಗಳಿವೆ. ಬಿಚ್ಚಿದರೆ ಹುಳು ತಿಂದ ಉದ್ದುದ್ದ ಹಾಳೆಗಳು. ಮೊದಲು ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದು, ಅದಕ್ಕೆ ಜೋತು ಬೀಳುವಂತೆ ಲೇಖಣಿ ಎತ್ತದೆ ಬರೆದ ಮೋಡಿ ಅಕ್ಷರಗಳು. ಇನಾಮು, ವತನ, ಕೆರೆಯ ಪಾಲು, ಜಾತ್ರೆಯ ಮಾನ, ಎಲ್ಲವೂ ಅದರಲ್ಲಿವೆ. ಹೊಲದ ಇಂದಿನ ಉತಾರವನ್ನು ಚಾವಡಿಯಲ್ಲಿ ಯಾರಾದರೂ ಓದಿಕೊಡುತ್ತಾರೆ. ಅದೇ ಹೊಲದ 200 ವರ್ಷದ ಹಿಂದಿನ ಕಾಗದ ಓದಬಲ್ಲವರನ್ನು ತಾಲೂಕಿನಲ್ಲೆಲ್ಲ ಹುಡುಕಿದರೂ ಸಿಗುವುದು ಕಷ್ಟ. ನಮ್ಮ ನೆಲದ ಚರಿತ್ರೆ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಬಿದ್ದಿದೆ. ಅದನ್ನು ಓದಲು ಕಲಿಸುವವರು ಕೊಲ್ಲಾಪುರ, ಪುಣೆಯಲ್ಲಿದ್ದಾರೆ. ಆ ಕಾಗದಗಳಲ್ಲಿ ಬರುವ ನಮ್ಮ ಊರು, ಹೊಲ, ಮನೆತನ, ಕಸುಬುಗಳ ಕನ್ನಡ ಹೆಸರು ತಿಳಿಯದೆ ಅವರು ತಡವರಿಸುತ್ತಾರೆ. ಇಂಥಲ್ಲಿ ಕನ್ನಡಿಗ ಮೋಡಿ ಕಲಿಯುವುದು ಮರಾಠಿಗೆ ತಲೆಬಾಗಿದಂತೆ ಎಂದು ಹೇಳಬೇಕಾದರೆ, ತನ್ನ ಅಜ್ಜನ ಹೊಲದ ಕಾಗದ ಓದುವುದು ಅವಮಾನ ಎಂದು ಮೊದಲು ಒಪ್ಪಬೇಕಾಗುತ್ತದೆ.

ಐದನೆಯ ಆಕ್ಷೇಪ ನಮ್ಮನ್ನು ನಾವೇ ಕೀಳುಗಾಣುವ ಬಗೆಯದು. “ಸಂಶೋಧನೆ, ವಿನಿಮಯ ಎಲ್ಲ ಬೆಂಗಳೂರು, ಮೈಸೂರು, ಧಾರವಾಡದ ಕೆಲಸ. ಕಬ್ಬು, ಸಕ್ಕರೆ ಕಾರ್ಖಾನೆಯ ತಾಲೂಕುಗಳಲ್ಲಿ ಏನಿದೆ?” ಏನಿದೆ ಎಂದರೆ, ಹುಕ್ಕೇರಿ ತಾಲೂಕಿನ ಘೋಡಗೇರಿ ಇದೆ. ಅಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದರು, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, 2010ರ ಜ್ಞಾನಪೀಠ ಪಡೆದರು. ಘೋಡಗೇರಿಯ ಬಯಲಾಟವನ್ನು ಶಿಕಾಗೋದವರು ಪಾಠವೆಂದು ಕೇಳಬಹುದಾದರೆ ಗೋಕಾಕದ ಕಾಲೇಜಿನವರು ಯಾಕೆ ಕೇಳಬಾರದು? ಗೋಕಾಕ ತಾಲೂಕಿನ ಮಲಾಮರಡಿ ಇದೆ, ಬಸವರಾಜ ಕಟ್ಟೀಮನಿಯವರ ಊರು. ಬೆಟಗೇರಿ ಇದೆ, ಆನಂದಕಂದರ ಊರು. ಸಾವಳಗಿ ಇದೆ. ಅಲ್ಲಿಯ ಶಿವಲಿಂಗೇಶ್ವರ ಮಠದ ಪರಂಪರೆ ಕಲಬುರಗಿಯ ಖ್ವಾಜಾ ಬಂದೇ ನವಾಜರ ಜೊತೆಗಿನ ಗೆಳೆತನದ ಕಥೆಯನ್ನು ಇಂದಿಗೂ ಹೇಳಿಕೊಂಡು ಬಂದಿದೆ. ಹುಕ್ಕೇರಿಯ ಗುಮ್ಮಟಗಳು ಆದಿಲ್‌ಶಾಹಿ ಕಾಲದವು. ಕೊಣ್ಣೂರಿನಲ್ಲಿ ಬೃಹತ್ ಶಿಲಾಯುಗದ ಗೋರಿಗಳೂ ಇವೆ, ರಟ್ಟರ ಕಾಲದ ಜೈನ ಶಾಸನವೂ ಇದೆ. ಗೋಕಾಕದ ಜೀನಗಾರ ಮನೆತನಗಳು ಕಟ್ಟಿಗೆ ಮತ್ತು ಮಣ್ಣಿನಲ್ಲಿ ಮಾಡುವ ಹಣ್ಣು-ಕಾಯಿಗಳಿಗೂ ಕೊಂಕಣದ ಸಾವಂತವಾಡಿಯ ಕಟ್ಟಿಗೆಯ ಹಣ್ಣುಗಳಿಗೂ ಇರುವ ಹೋಲಿಕೆ ಎದ್ದು ಕಾಣುವಂಥದ್ದು. ಯಾರು ಯಾರಿಂದ ಕಲಿತರು, ಬಣ್ಣ ಎಲ್ಲಿಂದ ಬರುತ್ತಿತ್ತು, ಮನೆತನಗಳು ಯಾವ ದಾರಿಯಲ್ಲಿ ಸರಿದು ಬಂದವು ಎಂಬುದು ಒಂದು ಪಿಎಚ್.ಡಿ.ಗೆ ಸಾಲುವ ವಿಷಯ. ಸಂಕೇಶ್ವರದಿಂದ ಬೆಳಗಾವಿ ಎಷ್ಟು ದೂರವೋ ಕೊಲ್ಲಾಪುರವೂ ಹೆಚ್ಚುಕಡಿಮೆ ಅಷ್ಟೇ ದೂರ. ಬೆಂಗಳೂರು 500 ಕಿಲೋಮೀಟರಿಗೂ ಆಚೆ. ಈ ಸಂಶೋಧನೆಗೆ ಕೇಂದ್ರವಾಗಲು ಇದಕ್ಕಿಂತ ತಕ್ಕ ಜಾಗ ಯಾವುದಿದೆ ಎಂದು ಆಕ್ಷೇಪಿಸುವವರೇ ಹೇಳಲಿ.

“ದುಡ್ಡು ಎಲ್ಲಿದೆ?” ಎಂಬುದಕ್ಕೆ ಉದ್ದ ಉತ್ತರ ಬೇಕಿಲ್ಲ. 2010ರಲ್ಲಿ ಹುಟ್ಟಿದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿದೆ, ಅಲ್ಲಿ ಕನ್ನಡ ವಿಭಾಗದ ಜೊತೆ ಮರಾಠಿ ವಿಭಾಗವೂ ಇದೆ. 1962ರ ಶಿವಾಜಿ ವಿಶ್ವವಿದ್ಯಾಲಯ ಕೊಲ್ಲಾಪುರದಲ್ಲಿದೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ, ಕುವೆಂಪು ಭಾಷಾ ಭಾರತಿ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಪುಣೆ ಕೇಂದ್ರ ಬೇರೆ ರಾಜ್ಯಗಳ ಶಾಲಾ ಶಿಕ್ಷಕರಿಗೆ 10 ತಿಂಗಳಲ್ಲಿ ಮರಾಠಿ ಕಲಿಸುತ್ತದೆ, ಮೈಸೂರು ಕೇಂದ್ರ ಹೊರಗಿನವರಿಗೆ ಕನ್ನಡ ಕಲಿಸುತ್ತದೆ. ಕೇಂದ್ರದ ‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆಯಲ್ಲಿ ವಿನಿಮಯಕ್ಕೆಂದು ಕರ್ನಾಟಕಕ್ಕೆ ಜೋಡಿ ಮಾಡಿದ್ದು ಉತ್ತರಾಖಂಡವನ್ನು, ಮಹಾರಾಷ್ಟ್ರಕ್ಕೆ ಒಡಿಶಾವನ್ನು. ಉತ್ತರಾಖಂಡದವರ ಪರಿಚಯ ಆಗುವುದು ಒಳ್ಳೆಯದೇ. ಆದರೆ ಡೆಹ್ರಾಡೂನಿನ ತನಕ ವಿದ್ಯಾರ್ಥಿಗಳನ್ನು ಕಳಿಸಲು ಒದಗುವ ದುಡ್ಡು ಸಂಕೇಶ್ವರದಿಂದ ಬಸ್ಸಿನಲ್ಲಿ ಕೊಲ್ಲಾಪುರಕ್ಕೆ ಕಳಿಸುವ ಮಾತು ಬಂದಾಗ ಮಾತ್ರ ಇಲ್ಲವಾಗುತ್ತದೆ. ಕೊರತೆ ಇರುವುದು ದುಡ್ಡಿನದಲ್ಲ, ಮನಸ್ಸಿನದು.

ಗಡಿಯ ಆಚೆಯಿಂದಲೂ, ನಮ್ಮಲ್ಲಿಯ ಮರಾಠಿ ಸಂಘಟನೆಗಳಿಂದಲೂ ಒಂದು ಆಕ್ಷೇಪ ಬರುತ್ತದೆ. ಅದನ್ನು ಬಿಟ್ಟುಬಿಟ್ಟರೆ ನಾನು ಪಕ್ಷಪಾತಿಯಾಗುತ್ತೇನೆ. “ಮೊದಲು ಮರಾಠಿ ಭಾಷಿಕರಿಗೆ ಸರ್ಕಾರಿ ಕಾಗದಪತ್ರ ಮರಾಠಿಯಲ್ಲಿ ಕೊಡಿ, ಆಮೇಲೆ ಸಂಸ್ಕೃತಿ ಸಂವಾದದ ಮಾತಾಡಿ.” ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆ ನಿಜವಾದದ್ದು. ಅದಕ್ಕೆ ಸರ್ಕಾರ ಉತ್ತರಿಸಬೇಕು, ನ್ಯಾಯಾಲಯ ಉತ್ತರಿಸಬೇಕು. ಆದರೆ ಅದೇ ಪ್ರಶ್ನೆಯನ್ನು ಜತ್ತ ಮತ್ತು ಅಕ್ಕಲಕೋಟೆಯ ಕನ್ನಡಿಗರು ಮಹಾರಾಷ್ಟ್ರಕ್ಕೆ ಕೇಳುತ್ತಿದ್ದಾರೆ. ಅಲ್ಲಿ ಕನ್ನಡ ಶಾಲೆಗಳಿವೆ, ಇಲ್ಲಿ ಮರಾಠಿ ಶಾಲೆಗಳಿವೆ. ಎರಡೂ ಕಡೆ ಮಕ್ಕಳು, ಪಾಲಕರು, ಶಿಕ್ಷಕರು ಪಡುವ ಪಾಡನ್ನು ಎರಡೂ ಕಡೆಯ ಸಂಶೋಧಕರು ಒಂದೇ ಅಳತೆಯಲ್ಲಿ ಅಳೆದು ಬರೆದರೆ ಯಾರ ಹಕ್ಕು ಎಲ್ಲಿ ಸೋರುತ್ತಿದೆ ಎಂಬುದು ಬಯಲಾಗುತ್ತದೆ. ಹಕ್ಕು ಸಿಗುವತನಕ ಅಧ್ಯಯನ ಬೇಡ ಎನ್ನುವವರು ತಮ್ಮ ಹಕ್ಕಿನ ಆಧಾರವನ್ನೇ ದೂರ ತಳ್ಳುತ್ತಿದ್ದಾರೆ. ಇನ್ನೊಂದು ಮಾತು. ಈಚೆಯ “ತೀರ್ಪು ಮೊದಲು” ಎಂಬುದಕ್ಕೂ ಆಚೆಯ “ಹಕ್ಕು ಮೊದಲು” ಎಂಬುದಕ್ಕೂ ಏನು ವ್ಯತ್ಯಾಸ? ಎದುರುಬದುರು ನಿಂತು ಕೂಗುವ ಈ ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿದ್ದಾರೆ: ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಭೇಟಿಯಾಗಬಾರದು.

ಕೊನೆಯದಾಗಿ, “ಅಂತರ್‌ಸಂಸ್ಕೃತಿ ಸಂವಾದ ಎಂಬುದೇ ಪಶ್ಚಿಮದವರ ಸರಕು” ಎಂಬ ಮಾತು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ ಮತ್ತು ತಮಿಳು ಶಾಸನಗಳ ಜೊತೆ ಮರಾಠಿ ಶಾಸನವೂ ಇದೆ. ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಅದೂ ಒಂದು, ಮತ್ತು ಅದು ಇರುವುದು ಕರ್ನಾಟಕದ ನಡುವೆ. ಅದನ್ನು ಕೆತ್ತಿಸಿದವರು ಪಶ್ಚಿಮದವರಲ್ಲ. ಕಿರ್ಲೋಸ್ಕರರು ಹುಟ್ಟಿದ ಅದೇ ಗುರ್ಲಹೊಸೂರಿನಲ್ಲಿ 1896ರಲ್ಲಿ ಶಂ.ಬಾ. ಜೋಶಿ ಹುಟ್ಟಿದರು. ‘ಕಣ್ಮರೆಯಾದ ಕನ್ನಡ’ ಬರೆದವರು ಅವರೇ, ಮಹಾರಾಷ್ಟ್ರ ಸಂಸ್ಕೃತಿಯ ಬುಡದಲ್ಲಿ ಕನ್ನಡವಿದೆ ಎಂದು ಮರಾಠಿಯಲ್ಲೇ ಗ್ರಂಥ ಬರೆದು ಮರಾಠಿ ಓದುಗರ ಮುಂದಿಟ್ಟವರೂ ಅವರೇ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆ ಕನ್ನಡದ ವರಕವಿಯಾದರು, ಸೊಲ್ಲಾಪುರದ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. ಕನ್ನಡವನ್ನು ಇವರಿಗಿಂತ ಹೆಚ್ಚು ಪ್ರೀತಿಸಿದವರು ನಾವು ಎಂದು ಆಕ್ಷೇಪಿಸುವವರು ಎದೆ ಮುಟ್ಟಿಕೊಂಡು ಹೇಳಬಲ್ಲರೇ?

ಕೇಳುತ್ತಿರುವುದು ದೊಡ್ಡದೇನಲ್ಲ. ಮೂರೂ ತಾಲೂಕುಗಳ ಪದವಿ ಕಾಲೇಜುಗಳು ಬರುವ ಶೈಕ್ಷಣಿಕ ವರ್ಷದಲ್ಲಿ ಒಂದೊಂದು ಕೆಲಸ ಹಿಡಿಯಲಿ. ಮೂಡಲಗಿಯವರು ಪಾರಿಜಾತದ ಮಟ್ಟುಗಳನ್ನು ಧ್ವನಿಮುದ್ರಿಸಿ ಮರಾಠಿ ಸಂಗೀತಗಾರರ ಮುಂದಿಡಲಿ. ಹುಕ್ಕೇರಿಯವರು ವಾಡೆಗಳ ದಫ್ತರಗಳ ಪಟ್ಟಿ ಮಾಡಿ, ಕೊಲ್ಲಾಪುರದಿಂದ ಮೋಡಿ ಬಲ್ಲವರನ್ನು ಕರೆಸಿ ಒಂದು ಶಿಬಿರ ನಡೆಸಲಿ. ಗೋಕಾಕದವರು ಜೀನಗಾರರನ್ನು ಸಾವಂತವಾಡಿಗೆ ಕರೆದೊಯ್ದು, ಅಲ್ಲಿ ಕಟ್ಟಿಗೆಯ ಹಣ್ಣು ಮಾಡುವ ಚಿತಾರಿಗಳನ್ನು ಗೋಕಾಕಕ್ಕೆ ಕರೆತಂದು ಒಂದೇ ಚಾಪೆಯ ಮೇಲೆ ಕೂರಿಸಲಿ. ರಾಣಿ ಚನ್ನಮ್ಮ ಮತ್ತು ಶಿವಾಜಿ ವಿಶ್ವವಿದ್ಯಾಲಯಗಳ ಕುಲಪತಿಗಳು ಇದಕ್ಕೊಂದು ಒಪ್ಪಂದ ಮಾಡಿಕೊಂಡು ಸಹಿ ಹಾಕಲಿ. ಕಾಲೇಜುಗಳ ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಗಳಲ್ಲಿ ಇದು ನನ್ನ ಬಹಿರಂಗ ಬೇಡಿಕೆ. ಮನೆಯಲ್ಲಿ ಮೋಡಿ ಕಾಗದ ಇರುವವರು ಅದನ್ನು ಒಲೆಗೆ ಹಾಕಬೇಡಿ, ರದ್ದಿಗೆ ತೂಗಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೆ ಒಮ್ಮೆ ತೋರಿಸಿ.